ಭಂಗಿ ಎಣ್ಣೆಯ ಚೀಟಿ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿ ಬದುಕುವವಳು ನಾನು. ಜಯನಗರದಲ್ಲಿ ಹೂವು ಕೊಂಡರೂ ಮೊಳ ಇನ್ನೊಮ್ಮೆ ಅಳೆಸುತ್ತೇನೆ. ಹಾಗಾಗಿ ಮಂಡಿನೋವಿಗೆ ಆಯುರ್ವೇದದ ಡಾಕ್ಟರು ಭಂಗಿ ಎಲೆಯ ಎಣ್ಣೆ ಬರೆದುಕೊಟ್ಟಾಗ ಅವರನ್ನೇ ತನಿಖೆ ಮಾಡಿದೆ.

"ಇದು ಗಾಂಜಾ ಅಲ್ವಾ ಡಾಕ್ಟ್ರೇ? ಪೊಲೀಸ್ರು ಹಿಡಿಯಲ್ವಾ?"

"ಲೈಸೆನ್ಸ್ ಇರೋ ಔಷಧಿ. ನನ್ನ ಚೀಟಿ ಇದ್ರೆ ಸಾಕು" ಎಂದು ನಕ್ಕರು. ಆ ಚೀಟಿಯನ್ನು ಅಂದಿನಿಂದ ಪರ್ಸಿನಲ್ಲೇ ಇಟ್ಟುಕೊಂಡೆ.

ನೋವು ಇಳಿಯಿತು. ನಮ್ಮಲ್ಲಿ ಒಬ್ಬರಿಗೆ ಗುಣ ಕೊಟ್ಟ ಔಷಧಿ ಅವರ ಮನೆಯಲ್ಲೇ ಉಳಿಯುವುದುಂಟೇ? ನನ್ನನ್ನು ಜೆ.ಪಿ. ನಗರದಿಂದ ಬೊಮ್ಮನಹಳ್ಳಿಯ ಕಾರ್ಖಾನೆಗೆ ಕರೆದೊಯ್ಯುವ ಕಂಪನಿ ವ್ಯಾನಿನ ಡ್ರೈವರ್ ಸೊಂಟನೋವೆಂದು ಬೆನ್ನಿಗೆ ದಿಂಬಿಟ್ಟುಕೊಂಡು ಕೂರುತ್ತಿದ್ದರು. ಉಳಿದ ಅರ್ಧ ಬಾಟಲಿ ಅವರಿಗೆ ಕೊಟ್ಟೆ. "ಹಚ್ಚೋದಲ್ಲ, ನಾಲಿಗೆ ಕೆಳಗೆ ಎರಡು ಹನಿ ಹಾಕ್ಕೊಳ್ಳಿ" ಎಂದೆ. ಯಾವುದರ ಎಣ್ಣೆ ಎಂದರೆ ಹೆದರುತ್ತಾರೆಂದು ಹೇಳಲಿಲ್ಲ. ವೈದ್ಯರ ಚೀಟಿಯಿಲ್ಲದೆ ಕೊಡಬಾರದೆಂದು ಬಾಟಲಿಯ ಮೇಲೇ ಇತ್ತು. ಅದು ಅಂಗಡಿಯವರಿಗೆ ಹೇಳಿದ್ದು ಎಂದುಕೊಂಡೆ.

ತಿಂಗಳಾಗುವಷ್ಟರಲ್ಲಿ ಕಂಪನಿ ಡ್ರೈವರ್‌ಗಳಿಗೆಲ್ಲ ಡ್ರಗ್ ಟೆಸ್ಟ್ ಮಾಡಿಸಿತು. ನಮ್ಮ ವ್ಯಾನಿನವರ ಮೂತ್ರದಲ್ಲಿ ಗಾಂಜಾದ ಅಂಶ ಸಿಕ್ಕಿತು. ಎಚ್‌ಆರ್ ಮ್ಯಾನೇಜರ್ ನನ್ನನ್ನು ಕರೆಸಿದರು.

"ನೀವು ಕೊಟ್ಟ ಎಣ್ಣೆ ಅಂತಿದ್ದಾರೆ ಮೇಡಂ."

ಮೊದಲು ಭಯ, ಹಿಂದೆಯೇ ಅನುಮಾನ. ಎಲ್ಲೋ ಸೇದಿ ಬಂದು ಈ ಮನುಷ್ಯ ನನ್ನ ತಲೆಗೆ ಕಟ್ಟುತ್ತಿದ್ದಾನೆಯೇ? ಬೆಳಗಿನ ಪಾಳಿಯಲ್ಲಿ ಅವರ ಕಣ್ಣು ಕೆಂಪಗಿರುತ್ತಿದ್ದದ್ದು ನೆನಪಾಯಿತು. ಐದು ಗಂಟೆಗೆ ಎದ್ದ ನನ್ನ ಕಣ್ಣೂ ಕೆಂಪಗೇ ಇರುತ್ತಿತ್ತು, ಅದು ನೆನಪಾಗಲಿಲ್ಲ.

ಆದರೂ ಕೊಟ್ಟದ್ದು ಹೌದೆಂದು ಒಪ್ಪಿ ಚೀಟಿ ತೋರಿಸಿದೆ. ಮ್ಯಾನೇಜರ್ ಎರಡು ಸಲ ಓದಿದರು.

"ನಿಮ್ದು ಸರಿಯಿದೆ. ಆದ್ರೆ ಇದ್ರಲ್ಲಿ ಅವ್ರ ಹೆಸರಿಲ್ವಲ್ಲ. ಗಾಡಿ ಓಡ್ಸೋರು ಬೇರೆ. ಕೆಲಸದಿಂದ ತೆಗೀಲೇಬೇಕು."

ಚೀಟಿ ಮಡಚಿಕೊಂಡೆ. ನಾನಂತೂ ಬದುಕಿದೆ ಎಂದು ನೆಮ್ಮದಿಯಾಯಿತು, ಸುಳ್ಳೇಕೆ ಹೇಳಲಿ.

ಗೇಟಿನ ಬಳಿ ಡ್ರೈವರ್ ವ್ಯಾನಿನ ಕೀಲಿಯನ್ನು ಸೆಕ್ಯೂರಿಟಿಗೆ ಒಪ್ಪಿಸುತ್ತಿದ್ದರು. ಕ್ಷಮೆ ಕೇಳಬಹುದಿತ್ತು, ಇಲ್ಲವೇ ಸುಮ್ಮನೆ ಹೋಗಬಹುದಿತ್ತು. ನನ್ನ ಬುದ್ಧಿ ಬಿಡಬೇಕಲ್ಲ.

"ನಿಜ ಹೇಳಿ, ಆ ಎಣ್ಣೆ ಬಿಟ್ಟು ಬೇರೇನೂ ತಗೊಂಡಿಲ್ವಾ?"

ಅವರು ಬೆನ್ನಿನ ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

"ನೀವು ಕೊಟ್ಟಾಗ, ಇದ್ರಲ್ಲೇನಿದೆ ಅಂತ ನಾನು ಒಂದ್ ಮಾತೂ ಕೇಳ್ಲಿಲ್ಲ ಮೇಡಂ" ಎಂದರು.