ಸದ್ದು ಮಾಡುವ ರೊಟ್ಟಿ

ತೆಲುಗು ನಾಡಿನ ನಾರಾಯಣಗೂಡದ ಸಣ್ಣ ಶಾಲೆಯೊಂದರಲ್ಲಿ ಐದನೇ ತರಗತಿ ಓದುವ ಸುವರ್ಣಾಳಿಗೆ ಊಟದ ಗಂಟೆ ಎಂದರೆ ಸಾಕಾಗಿಹೋಗಿತ್ತು. ಅವಳ ತಾಯಿ ಗದಿಗೆಮ್ಮ ಯಾದಗಿರಿ ಕಡೆಯವಳು. ಐದಾರು ಮನೆಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುವವಳು. ಮಗಳಿಗೆ ಬಿಸಿರೊಟ್ಟಿ ಮಾಡಲು ಬೆಳಿಗ್ಗೆ ಪುರಸೊತ್ತಿಲ್ಲದೆ, ಭಾನುವಾರವೇ ವಾರಕ್ಕಾಗುವಷ್ಟು ಕಡಕ್ ರೊಟ್ಟಿ ಮಾಡಿ ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳು.

ಅದನ್ನು ಮುರಿದರೆ ಕಟ್ ಎನ್ನುತ್ತಿತ್ತು, ಅಗಿದರೆ ಕರಕರ ಎನ್ನುತ್ತಿತ್ತು.

"ಏಯ್, ಪಾಪಡ್‌ವಾಲಿ ಆಗಯಿ," ಹಪ್ಪಳದವಳು ಬಂದಳೆಂದು ತರಗತಿಯ ಪಿಂಕಿ ಶುರು ಮಾಡುತ್ತಿದ್ದಳು. ಉಳಿದವರು ಬಾಯಲ್ಲೇ ಕರಕರ ಸದ್ದು ಮಾಡಿ ನಗುತ್ತಿದ್ದರು. ಅವರಲ್ಲಿ ತೇಜಸ್ವಿನಿಯೂ ಇರುತ್ತಿದ್ದಳು. ಸುವರ್ಣಾಳನ್ನು ಚುಚ್ಚುತ್ತಿದ್ದುದು ಆ ಒಂದು ನಗು. ತೇಜಸ್ವಿನಿಯ ಮನೆಯವರು ಬೀದರಿನವರು. ಗದಿಗೆಮ್ಮ ರೊಟ್ಟಿ ಬಡಿಯುವ ಮನೆಗಳಲ್ಲಿ ಅವರದೂ ಒಂದು. ರಜೆಯ ದಿನ ಇಬ್ಬರು ಹುಡುಗಿಯರೂ ಆ ಮನೆಯ ಮೆಟ್ಟಿಲ ಮೇಲೆ ಕೂತು ಶೇಂಗಾ ಚಟ್ನಿಪುಡಿ, ಅದೇ ಹಿಂಡಿ, ಹಚ್ಚಿಕೊಂಡು ಇದೇ ಕಡಕ್ ರೊಟ್ಟಿ ತಿನ್ನುತ್ತಿದ್ದರು.

"ಸಾಲ್ಯಾಗ ಹೇಳಬ್ಯಾಡ ಮತ್ತ," ಎಂದು ತೇಜಸ್ವಿನಿ ಆಣೆ ಹಾಕಿಸಿಕೊಂಡಿದ್ದಳು. ಶಾಲೆಯಲ್ಲಿ ಅವಳ ಬಾಯಿಂದ ತೆಲುಗು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ.

ಬುಧವಾರ ಸುವರ್ಣಾ ಒಂದು ಉಪಾಯ ಮಾಡಿದಳು. ಹಲ್ಲಿಲ್ಲದ ಮುದುಕರಿಗೆಂದು ತಾಯಿ ರೊಟ್ಟಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದನ್ನು ಅವಳು ನೋಡಿದ್ದಳು. ಮೆತ್ತಗಾದ ರೊಟ್ಟಿ ಸದ್ದು ಮಾಡುವುದಿಲ್ಲ. ಆದರೆ ಎಷ್ಟು ನೀರು ಎಂದು ತಿಳಿಯದೆ ನಳದ ಕೆಳಗೇ ಹಿಡಿದು ಡಬ್ಬಿಗೆ ತುಂಬಿದಳು. ಮಧ್ಯಾಹ್ನ ತೆರೆದರೆ ಬೂದು ಬಣ್ಣದ ಮುದ್ದೆ, ಹುಳಿ ವಾಸನೆ. ಗೋಡೆಗೆ ಮೆತ್ತುವ ಲಪ್ಪಂ ತಂದಿದ್ದಾಳೆಂದು ಪಿಂಕಿ ಮೂಗು ಮುಚ್ಚಿಕೊಂಡಳು.

ಮರುದಿನದಿಂದ ಸುವರ್ಣಾ ಡಬ್ಬಿ ತೆರೆಯಲೇ ಇಲ್ಲ.

ಶುಕ್ರವಾರ ಸಂಜೆ ಗದಿಗೆಮ್ಮ ಕೇಳಿದಳು, "ಯಾಕವ್ವ, ಎರಡು ದಿನ ಆತು, ರೊಟ್ಟಿ ಹಂಗ ವಾಪಸ್ ಬರಾಕತ್ತಾವ?"

"ನಾ ಸಾಲಿಗೆ ಹೋಗಂಗಿಲ್ಲ. ನಿನ್ನ ಕೂಡ ರೊಟ್ಟಿ ಬಡೀತೀನಿ."

ಗದಿಗೆಮ್ಮ ತನ್ನ ಕೆಂಪಾದ ಅಂಗೈ ನೋಡಿಕೊಂಡಳು. ಬೈಯುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. "ನಾಳೆ ಒಂದಿನ ಹೋಗಿ ಬಾ. ಆಮ್ಯಾಗ ನೋಡೋಣು."

ಶನಿವಾರ ಊಟದ ಹೊತ್ತಿಗೆ ಪಿಂಕಿ ಮತ್ತೆ ಬಂದಳು. ತೇಜಸ್ವಿನಿಯ ಗುಟ್ಟು ಬಿಟ್ಟುಕೊಟ್ಟಿದ್ದರೆ ನಗು ಅತ್ತ ತಿರುಗುತ್ತಿತ್ತು. ಸುವರ್ಣಾ ಬಾಯಿ ಬಿಡಲಿಲ್ಲ. ಡೆಸ್ಕಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು.

ಕಿವಿಯ ಪಕ್ಕದಲ್ಲೇ ಕಟ್ ಎಂದಿತು.

ತೇಜಸ್ವಿನಿ ಬಂದು ಕೂತು, ಸುವರ್ಣಾಳ ಡಬ್ಬಿ ತೆರೆದು ರೊಟ್ಟಿ ಮುರಿದಿದ್ದಳು. "ಸಾಲಿ ಬಿಡ್ತೀಯಂತ? ನಿಮ್ಮವ್ವ ಮುಂಜಾನೆ ನಮ್ಮನ್ಯಾಗ ಹೇಳಾಕತ್ತಿದ್ಳು," ಎಂದಳು, ಎಲ್ಲರಿಗೂ ಕೇಳುವಂತೆ, ಕನ್ನಡದಲ್ಲೇ. "ಹಿಂಡಿ ಎಲ್ಲೈತಿ?"

"ದೂಸರೀ ಪಾಪಡ್‌ವಾಲಿ," ಇನ್ನೊಬ್ಬಳು ಹಪ್ಪಳದವಳು ಸಿಕ್ಕಳೆಂದು ಪಿಂಕಿ ಕೂಗಿದಳು. ಹಿಂದಿನ ಬೆಂಚು ನಕ್ಕಿತು. ತೇಜಸ್ವಿನಿಯ ಕಿವಿ ಕೆಂಪಾದವು, ಆದರೂ ಅವಳು ಅಗಿಯುವುದನ್ನು ನಿಲ್ಲಿಸಲಿಲ್ಲ.

ಸುವರ್ಣಾ ತಲೆ ಎತ್ತಿದಳು. ಮೂರು ಮಧ್ಯಾಹ್ನಗಳ ಹಸಿವಿತ್ತು. ಡಬ್ಬಿ ಹತ್ತಿರ ಎಳೆದುಕೊಂಡು ತಿಂದಳು. ಸದ್ದಾಯಿತು.

ಸಂಜೆ ಗದಿಗೆಮ್ಮ ಡಬ್ಬಿ ತೊಳೆಯಲು ತೆಗೆದರೆ ಅದರಲ್ಲಿ ಚೂರೂ ಉಳಿದಿರಲಿಲ್ಲ. ಅವಳು ಮಗಳ ಮುಖ ನೋಡಿದಳು.

"ಸೋಮವಾರ ಎರಡು ಹೆಚ್ಚಿಗಿ ಹಾಕವ್ವ," ಎಂದು ಸುವರ್ಣಾ ಚಾಪೆಯ ಮೇಲೆ ಉರುಳಿಕೊಂಡಳು.