ಆಹೇರಿಯ ಇಳಕಲ್ ಸೀರೆ

ಊರಲ್ಲಿ ನನ್ನನ್ನು ಕವಿ ಎಂದು ಕರೆಯುತ್ತಿದ್ದರು. ಗೌರವದಿಂದ ಅಂತ ತಿಳಿಯಬೇಡಿ. ಚಹಾದಂಗಡಿಯಲ್ಲಿ ಯಾರಾದರೂ ಕವಿಗಳು ಬಂದರು ನೋಡ್ರಿ ಅಂದರೆ, ಹೊಲದ ಕೆಲಸಕ್ಕೆ ಬಾರದವನು ಬಂದ ಅಂತ ಎಲ್ಲರೂ ತಿಳಿದುಕೊಳ್ಳುತ್ತಿದ್ದರು. ನಮ್ಮದು ಸಂಶಿಯಿಂದ ಆಚೆ, ಎರೆಹೊಲಗಳ ನಡುವಿನ ಹಳ್ಳಿ. ಹತ್ತಿ ಬಿಡಿಸುವುದು ಮುಗಿದು ಜನರ ಕೈ ಖಾಲಿಯಾದ ಮೇಲೆ ವರ್ಷಕ್ಕೊಂದು ನಾಟಕ ಆಗಲೇಬೇಕು. ಅದನ್ನು ಬರೆಯುವವನು ನಾನು. ಧಾರವಾಡದಲ್ಲಿ ಕಾಲೇಜು ಅರ್ಧಕ್ಕೆ ಬಿಟ್ಟು ಬಂದವನಿಗೆ ಊರು ಕೊಟ್ಟ ಕೆಲಸ ಅದು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಆಗ ಯಾವ ಊರಿಗೆ ಹೋದರೂ ಒಂದೇ ನಮೂನೆಯ ನಾಟಕ. ಕುಡುಕ ಗಂಡ, ಅಳುವ ಹೆಂಡತಿ, ಕೊನೆಗೊಬ್ಬ ಪೊಲೀಸ್ ಇನ್ಸ್‌ಪೆಕ್ಟರ್. ನಾನೂ ಅಂಥವನ್ನೇ ಬರೆದು ಚಪ್ಪಾಳೆ ಹೊಡೆಸಿಕೊಂಡವನು. ಆ ವರ್ಷ ಮಾತ್ರ ಹಠಕ್ಕೆ ಬಿದ್ದು ರಾಜರ ಕಾಲದ ನಗೆನಾಟಕ ಬರೆದೆ. ಅರಮನೆಯಲ್ಲಿ ನಾಟಕ ಕಟ್ಟುವ ಒಬ್ಬ ಕವಿ, ಅವನಿಗೆ ತನ್ನ ನಾಟಕದ ನಟಿಯ ಮೇಲೆ ಪ್ರೀತಿ. ಹೇಳುವ ಧೈರ್ಯವಿಲ್ಲದೆ ಅವಳ ಪಾತ್ರದ ಮಾತುಗಳನ್ನು ದಿನಾ ತಿದ್ದುತ್ತಾನೆ. ನಾಟಕ ಮುಗಿಯುವುದೇ ಇಲ್ಲ, ರಾಜನಿಗೆ ತಲೆ ಕೆಟ್ಟು ಹೋಗುತ್ತದೆ. ಕೊನೆಗೆ ಲಗ್ನ. ಇಷ್ಟೇ ಕಥೆ.

ಯಾಕೆ ಬರೆದೆ ಅಂತ ಈಗ ಮುಚ್ಚಿಡುವುದೇನಿದೆ? ಹಿಂದಿನ ವರ್ಷ ನಾಟಕ ನೋಡಲು ಮೊರಬಕ್ಕೆ ಹೋಗಿದ್ದೆ. ನಮ್ಮ ಕಡೆ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ನಟಿಯರನ್ನು ಕರೆಸುತ್ತಾರೆ. ಗದಗಿನಿಂದ ಬಂದ ಒಬ್ಬಳು ಗಯ್ಯಾಳಿ ಅತ್ತೆಯಾಗಿದ್ದಳು. ಸೊಸೆಯಾದವಳಿಗಿಂತ ಅತ್ತೆಗೇ ವಯಸ್ಸು ಕಡಿಮೆ. ಸೊಂಟದ ಮೇಲೆ ಕೈಯಿಟ್ಟು, ಒಂದು ಮಾತೂ ಆಡದೆ, ಸೊಸೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಜನ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಲಗ್ನವಾದರೆ ಇವಳನ್ನೇ ಆಗಬೇಕು ಅಂದುಕೊಂಡು ಮನೆಗೆ ಬಂದೆ. ನಾಟಕದವಳನ್ನು ಸೊಸೆ ಮಾಡಿಕೊಳ್ಳುವ ಮಾತೆತ್ತಿದರೆ ನಮ್ಮನೆಯಲ್ಲಿ ಆ ದಿನ ಒಲೆ ಹೊತ್ತುವುದಿಲ್ಲ ಅಂತ ಗೊತ್ತಿತ್ತು. ಮಾತೆತ್ತದೆ ನಾಟಕ ಬರೆಯುತ್ತ ಕೂತೆ.

ನಟಿಯರು ಸಾಮಾನ್ಯವಾಗಿ ನಾಟಕದ ಹಿಂದಿನ ದಿನ ಬಂದು, ಒಂದು ತಾಲೀಮು ನೋಡಿ ನಿಂತುಬಿಡುತ್ತಾರೆ. ನಟಿಯ ಪಾತ್ರಕ್ಕೆ ನಾನು ಹೇಳಿ ಕರೆಸಿದ ಆ ಗದಗಿನವಳು ಐದಾರು ದಿನ ಮೊದಲೇ ಬಂದಳು. ಓದಲು ಬರುತ್ತಿರಲಿಲ್ಲ, ಯಾರಾದರೂ ಓದಿ ಹೇಳಿದರೆ ಕೇಳಿ ಬಾಯಿಪಾಠ ಮಾಡುತ್ತಿದ್ದಳು. ಓದಿ ಹೇಳುವವನು ಯಾರು? ನಾನೇ. ಇಳಿದುಕೊಳ್ಳಲು ಮನೆ ಕೊಡುವವರು ಯಾರು? ಎಲ್ಲರೂ ಒಂದೊಂದು ನೆವ ಹೇಳಿ ಜಾರಿಕೊಂಡರು. ಕೊನೆಗೆ ನಮ್ಮವ್ವನೇ ಇರಲಿ ಬಿಡ್ರಿ ಅಂದಳು. ಒಳಗೊಳಗೇ ಗೊಣಗಿದಳು, ಬೇರೆ ಚಾಪೆ, ಬೇರೆ ತಾಟು ತೆಗೆದಿಟ್ಟಳು. ಮರುದಿನ ನೋಡಿದರೆ ಇಬ್ಬರೂ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾರೆ! ಅವ್ವನಿಗಿಂತ ತೆಳ್ಳಗೆ ಬಡಿಯುತ್ತಿದ್ದಳು ಅವಳು. ಅವ್ವ ಅದನ್ನು ಒಪ್ಪಿಕೊಂಡಳು ಅಂದರೆ ನೀವೇ ತಿಳಿದುಕೊಳ್ಳಿ. ಅಪ್ಪ ಹೊಲ, ಎತ್ತು ಬಿಟ್ಟು ಬೇರೆ ಮಾತಾಡುವ ಮನುಷ್ಯನಲ್ಲ. ಅರ್ಧ ಲಗ್ನ ಆದಂಗಾತು ಅಂತ ನಾನು ಒಳಗೇ ಹಿಗ್ಗಿದೆ. ಎಂಥ ಹುಚ್ಚಪ್ಯಾಲಿ ನಾನು!

ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕೂತು ಅವಳ ಮಾತುಗಳನ್ನು ಓದುತ್ತಿದ್ದೆ. ಎದುರು ಪಾತ್ರದ ಮಾತಿಲ್ಲದೆ ಅವಳಿಗೆ ನೆನಪು ನಿಲ್ಲುತ್ತಿರಲಿಲ್ಲ. ಹಾಗಾಗಿ ಕವಿಯ ಮಾತುಗಳನ್ನೂ ನಾನೇ ಹೇಳುತ್ತಿದ್ದೆ. ನಿನ್ನನ್ನು ಬಿಟ್ಟು ನನಗೆ ಬೇರೆ ಪ್ರೇಕ್ಷಕರು ಬೇಡ ಎಂದು ನಾನು ಅನ್ನುವುದು, ಅವಳು ನಾಚಿಕೊಂಡು ನೆಲ ನೋಡುವುದು. ನಾಚಿಕೆ ಪಾತ್ರದ್ದೋ ಅವಳದೋ ಅಂತ ರಾತ್ರಿಯೆಲ್ಲ ಲೆಕ್ಕ ಹಾಕುತ್ತಿದ್ದೆ. ಒಂದು ಸಲ ಅವಳು ನಡುವೆಯೇ ತಡೆದು, ಇದನ್ನು ಬರೆದವರಿಗೆ ಯಾರೋ ಮನಸ್ಸಿನಲ್ಲಿ ಇರಬೇಕಲ್ಲ ಅಂತ ಕೇಳಿದಳು. ಕೇಳಿಸದವನಂತೆ ಹಾಳೆ ತಿರುವಿದೆ. ಮುಂದಿನ ಸೀನು ಓದತೊಡಗಿದೆ.

ಕವಿಯ ಪಾತ್ರ ನಿಜವಾಗಿ ಮಾಡುವವನು ಊರ ಟ್ರ್ಯಾಕ್ಟರ್ ಡ್ರೈವರ್. ದನಿ ಹೊಲ ದಾಟಿ ಕೇಳಿಸುತ್ತಿತ್ತು, ಅದಕ್ಕೇ ಅವನು ನಾಯಕ. ಲಗ್ನದಲ್ಲಿ ಮಾವ ಕೊಟ್ಟ ಕೈಗಡಿಯಾರ ತೆಗೆಯಲಾರೆ ಅಂತ ಹಠ. ರಾಜರ ಕಾಲದಲ್ಲಿ ಗಡಿಯಾರ ಇರಲಿಲ್ಲಪ್ಪಾ ಅಂದರೆ, ಮಾವ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ, ಬರಿಗೈಲಿ ನಿಂತರೆ ಏನು ತಿಳಿದುಕೊಳ್ಳುತ್ತಾರೆ ಅಂತ ನನಗೇ ಗದರಿದ. ಅವಳು ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಗಡಿಯಾರ ಉಳಿಯಿತು.

ನಾಟಕ ನಾಲ್ಕು ದಿನ ಇದೆ ಅನ್ನುವಾಗ ಹುಬ್ಬಳ್ಳಿಗೆ ಹೋಗಿ ಒಂದು ಇಳಕಲ್ ಸೀರೆ, ಕುಪ್ಪಸಕ್ಕೆ ಒಂದು ಖಣ ತಂದೆ. ನಮ್ಮ ಕಡೆ ನಾಟಕ ಮೆಚ್ಚಿದವರು ಪಾತ್ರಧಾರಿಗಳಿಗೆ ರಂಗದ ಮೇಲೆ ಉಡುಗೊರೆ ಕೊಡುತ್ತಾರೆ. ಅದಕ್ಕೆ ಆಹೇರಿ ಅನ್ನುತ್ತೇವೆ. ಯಾರು ಯಾರಿಗೆ ಏನು ಕೊಟ್ಟರು ಅಂತ ಮೈಕಿನಲ್ಲಿ ಕೂಗುತ್ತಾರೆ. ಇಡೀ ಊರಿನ ಎದುರು ನನ್ನ ಹೆಸರಿನ ಸೀರೆಯನ್ನು ಅವಳು ತೆಗೆದುಕೊಂಡರೆ ಮಾತು ಪಕ್ಕಾ ಆದಂತೆ, ಆಮೇಲೆ ಮನೆಯವರೂ ಏನೂ ಮಾಡಲಾರರು ಅಂತ ನನ್ನ ಯೋಚನೆ. ಕೂಗುವವರು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು. ಅವರಿಗೆ ಗಂಟು ಕೊಟ್ಟೆ. ಏನಂತ ಕೂಗಲಿ ಅಂದರು. ನನ್ನ ಹೆಸರು ಹೇಳಿದರೆ ಸಾಕು ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

"ವಿಚಾರ ಮಾಡಿಯೇನ ತಮ್ಮಾ?"

ಮಾಡೀನ್ರಿ ಅಂದೆ. ಅವರು ಗಂಟನ್ನು ಪೇಟಿಯ ಬಾಜು ಇಟ್ಟುಕೊಂಡರು.

ನಾಟಕ ಗೆದ್ದಿತು. ನಾನು ಪರದೆಯ ಮರೆಯಲ್ಲಿ ಕೂತು ಮಾತು ಎತ್ತಿಕೊಡುತ್ತಿದ್ದೆ. ಡ್ರೈವರು ಪ್ರೀತಿಯ ಮಾತನ್ನೂ ಎತ್ತು ಹೊಡೆದಂತೆ ಕೂಗುತ್ತಿದ್ದ, ಜನಕ್ಕೆ ಅದೇ ಸೇರಿತು. ಬೆಳಕು ಹರಿಯುವ ಹೊತ್ತಿಗೆ ಮಂಗಳ ಹಾಡಿ, ತೆಂಗಿನಕಾಯಿ ಒಡೆದು, ಆಹೇರಿ ಶುರುವಾಯಿತು. ಡ್ರೈವರಿಗೆ ಅವನ ಮಾವನಿಂದ ಟಾವೆಲ್ಲು. ರಾಜನಿಗೆ ಗೆಳೆಯರಿಂದ ಹಾರ. ಆಮೇಲೆ ಪೇಟಿ ಮಾಸ್ತರರು ಗಂಟಲು ಸರಿಮಾಡಿಕೊಂಡು ಅವಳ ಹೆಸರು ಹೇಳಿದರು, ನನ್ನ ಹೆಸರು ಹೇಳಿದರು, ಸೀರೆ ಅಂದರು.

ಗಂಡಸರ ಕಡೆಯಿಂದ ಸೀಟಿ ಬಿತ್ತು.

"ಬ್ಯಾರೆ ಮನಿ ಮಾಡಿ ಇಟಗೊಂತಿಯೇನಲೇ ಕವಿ?"

ಹೋ ಅಂತ ನಗೆ ಎದ್ದಿತು. ಆಗ ನನಗೆ ತಿಳಿಯಿತು. ಹೊಲಮನೆ ಉಳ್ಳವರ ಮನೆಯ ಲಗ್ನವಾಗದ ಹುಡುಗ ನಾಟಕದವಳಿಗೆ ಸೀರೆ ಕೊಟ್ಟರೆ ಅದಕ್ಕೆ ನಮ್ಮ ಊರುಗಳಲ್ಲಿ ಇರುವುದು ಒಂದೇ ಅರ್ಥ. ಅಲ್ಲಿದ್ದ ದನಕಾಯುವವನಿಗೂ ಗೊತ್ತಿದ್ದದ್ದು ನನಗೆ ಹೊಳೆದಿರಲಿಲ್ಲ. ಹಗಲೂ ರಾತ್ರಿ ರಾಜರ ಕಾಲದಲ್ಲಿ ಇದ್ದವನಿಗೆ ಹೇಗೆ ಹೊಳೆಯಬೇಕು? ಅವಳ ಮುಖದಲ್ಲಿ ಬಣ್ಣ ಒಂದು ಬಿಟ್ಟು ಇನ್ನೇನೂ ಉಳಿದಿರಲಿಲ್ಲ. ಎದ್ದು ಹೋಗಿ, ಲಗ್ನ ಆಗತೀನಿ ಅಂತ ಕೂಗಬೇಕು ಅನ್ನಿಸಿತು. ರಾತ್ರಿಯಿಡೀ ಮಡಚಿ ಕೂತ ಕಾಲು ಏಳಲಿಲ್ಲ. ಜೋಮು ಹಿಡಿದಿದ್ದು ಕಾಲಿಗೊಂದೇ ಅಲ್ಲ.

ಹೆಂಗಸರ ಕಡೆಯಿಂದ ಎದ್ದವಳು ನಮ್ಮವ್ವ. ಸೆರಗು ಹೊದ್ದು ಸೀದಾ ರಂಗದ ಮೇಲೆ ಬಂದಳು. ಮಂಗಳದ ತಟ್ಟೆಯಿಂದ ಅಕ್ಕಿ ತಗೊಂಡಳು, ಒಡೆದ ಕಾಯಿಯ ಒಂದು ಹೋಳು ತಗೊಂಡಳು, ಪೇಟಿ ಮಾಸ್ತರರ ಕೈಯಿಂದ ಸೀರೆ ಖಣ ಇಸಗೊಂಡಳು. ಸೆರಗು ಒಡ್ಡು ಅಂತ ಅವಳಿಗೆ ಹೇಳಿ, ಎಲ್ಲವನ್ನೂ ಹಾಕಿ ಉಡಿ ತುಂಬಿದಳು. ಮೈಕು ಅಲ್ಲೇ ಇತ್ತು.

"ಇದು ಅಣ್ಣನ ಮನಿ ಸೀರಿ. ನನಗ ಹೆಣ್ಣಮಕ್ಕಳಿಲ್ಲ, ಇವತ್ತಿಂದ ಈಕಿ ನಮ್ಮನಿ ಮಗಳು. ಇನ್ನ ಯಾರ ನಗವರದೀರಿ, ನಗರಿ."

ಯಾರೂ ನಗಲಿಲ್ಲ. ಮೊದಲು ಹೆಂಗಸರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಅವಳು ಉಡಿ ಹಿಡಿದುಕೊಂಡೇ ಪರದೆಯ ಮರೆಗೆ ಬಂದು ನನ್ನ ಕಾಲು ಮುಟ್ಟಿದಳು. ತಲೆಯ ಮೇಲೆ ಕೈಯಿಡಬೇಕು, ಇಟ್ಟೆ. ಅವಳು ಮುಡಿದ ಹೂವು ಕೈಗೆ ತಣ್ಣಗೆ ಹತ್ತಿತು. ಆ ಹೊತ್ತಿನಲ್ಲಿ ದುಃಖ, ಸಿಟ್ಟು ಏನೂ ಇರಲಿಲ್ಲ ಅಂದರೆ ನಂಬುತ್ತೀರೋ ಇಲ್ಲವೋ. ಸ್ನಾನ ಮಾಡಿದೆ, ಚಹಾ ಕುಡಿದೆ, ಮಲಗಿದೆ. ಎದ್ದಾಗ ಅವಳು ಊರಿಗೆ ಹೋಗಿದ್ದಳು.

ಅವ್ವನನ್ನು ಒಂದೇ ಒಂದು ಸಲ ಕೇಳಿದೆ, ಹಿಂಗ್ಯಾಕ ಮಾಡಿದಿ ಅಂತ. ಆಕಿ ಮಾನ ಉಳಿಸಬೇಕಾಗಿತ್ತಿಲ್ಲೋ ಅಂದಳು. ನನ್ನ ಮನಸ್ಸು ಅವ್ವನಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವ್ವನೂ ಈಗಿಲ್ಲ.

ಶ್ರಾವಣ ಬಂತು. ನಾಗರ ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ಅಣ್ಣತಮ್ಮಂದಿರ ಕೆಲಸ. ಅವ್ವ ಉಂಡಿ ಕಟ್ಟುತ್ತ, ಗದಗಿಗೆ ಹೋಗಿ ತಂಗೀನ ಕರಕೊಂಡು ಬಾ ಅಂದಳು. ಹೋದೆ. ಹೋಗಲಾರೆ ಅನ್ನಲು ಒಂದು ಕಾರಣ ಬೇಕಲ್ಲ, ನನ್ನ ಹತ್ತಿರ ಇದ್ದದ್ದು ಹೇಳುವಂಥದಲ್ಲ. ಅವಳು ಅದೇ ಸೀರೆ ಉಟ್ಟು, ಚೀಲ ತುಂಬಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವ್ವ ಮೊದಲೇ ಹೇಳಿ ಕಳಿಸಿದ್ದಳಂತೆ, ಇವಳು ತವರಿನವರು ಬರುತ್ತಾರೆ ಅಂತ ಓಣಿಗೆಲ್ಲ ಹೇಳಿಟ್ಟಿದ್ದಳು. ಇವರೇ ನಮ್ಮಣ್ಣ ಅಂತ ಪ್ರತಿ ಬಾಗಿಲಿಗೂ ತೋರಿಸುತ್ತ ನಡೆದಳು. ನಾನು ಎಲ್ಲರಿಗೂ ಕೈ ಮುಗಿದೆ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಸಂಶಿ ದಾಟಿ ನಮ್ಮೂರಿಗೆ ಹೋಗುವ ಬಸ್ಸಿನಲ್ಲಿ ಕೂತೆವು. ಹೊರಗೆ ಸಣ್ಣ ಮಳೆ, ಹೆಸರಿನ ಬೆಳೆ ಮೊಣಕಾಲೆತ್ತರ ನಿಂತಿತ್ತು. ಅವಳು ಅಷ್ಟೊತ್ತು ಏನೇನೋ ಮಾತಾಡಿದವಳು ಕುಂದಗೋಳ ದಾಟಿದ ಮೇಲೆ ಕಿಟಕಿಯ ಕಡೆ ತಿರುಗಿದಳು. ಹೊರಗೆ ನೋಡುತ್ತಲೇ ಹೇಳಿದಳು.

"ಪಡಸಾಲ್ಯಾಗ ಓದೂವಾಗ ನನಗ ತಿಳದಿತ್ರಿ. ಅದಕ್ಕ ಕೇಳಿದ್ದೆ ನಿಮ್ಮನ್ನ. ನೀವು ಅವತ್ತ ಬಾಯಿಬಿಟ್ಟು ಒಂದ ಮಾತ ಅಂದಿದ್ರ, ನಾ ಹೂಂ ಅಂತಿದ್ದೆ."

ನಾನು ಅವಳ ಕಡೆ ತಿರುಗಿದೆ. ಈಗಲಾದರೂ ಹೇಳಬೇಕು ಅಂತ ಬಾಯಿ ತೆರೆದೆನೋ ಏನೋ, ಅವಳು ಕೈ ಅಡ್ಡ ಮಾಡಿದಳು.

"ಈಗ ಬ್ಯಾಡ್ರಿ. ಗಂಡ ಇನ್ನೊಬ್ಬಾಂವ ಸಿಕ್ಕಾನು. ನನಗ ಹುಟ್ಟಿದಾಗಿಂದ ತವರುಮನಿ ಅಂತ ಇರಲಿಲ್ಲ. ಅದನ್ನ ಕಸಗೋಬ್ಯಾಡ್ರಿ."

ಆಯ್ತು ಅಂದೆ. ಬಸ್ಸು ನಿಂತಿತು, ಚೀಲ ನಾನೇ ಇಳಿಸಿಕೊಂಡೆ. ಅವ್ವ ಮನೆಯ ಕಟ್ಟೆಯ ತನಕ ಬಂದು, ಅವಳ ಕಾಲಿಗೆ ನೀರು ಹಾಕಿ ಒಳಗೆ ಕರೆದುಕೊಂಡು ಹೋದಳು. ನಾನು ಹೊರಗೆ ಕಂಬಕ್ಕೆ ಆತು ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅವಳೇ ಹೊಸ್ತಿಲಿಗೆ ಬಂದಳು, ಈ ಸಲ ರೀ ಹಚ್ಚಲಿಲ್ಲ.

"ಅಣ್ಣಾ, ಒಳಗ ಬಾ. ತಾಟ ಹಾಕೀನಿ."

ಹೋಗಿ ಕೂತೆ. ಅವಳು ಬಡಿಸಿದಳು, ನಾನು ಉಂಡೆ.