ಶುಕ್ರವಾರದ ತುಳಸಿ

ಟಪ್... ಟಪ್... ಗಾಜಿನ ಕೊಳವೆಯ ತುದಿಯಿಂದ ತುಳಸಿಯ ಎಣ್ಣೆ ನೀರಿನೊಡನೆ ತೊಟ್ಟಿಕ್ಕುವ ಸದ್ದು. ಅರವತ್ತರ ದಶಕದ ಹೆಬ್ಬಾಳದ ಲ್ಯಾಬ್ ಎಂದರೆ ಇಂದಿಗೂ ನನ್ನ ಕಿವಿಯಲ್ಲಿ ಅದೇ. ಕಾನ್ವೆಂಟ್ ಹಾಸ್ಟೆಲಿನಲ್ಲೇ ಬೆಳೆದು, ಎಂ.ಎಸ್‌ಸಿ. ಮುಗಿಸಿ ಬಂದವಳು ನಾನು. ಎಣ್ಣೆಯಲ್ಲಿ ಯೂಜಿನಾಲ್ ಎಷ್ಟಿದೆಯೆಂದು ಅಳೆಯುವುದು ನನ್ನ ಕೆಲಸ. ತುಳಸಿಗೆ ಲವಂಗದ ವಾಸನೆ ಬರುವುದು ಅದರಿಂದಲೇ. ಉದ್ದ ಕತ್ತಿನ ಫ್ಲಾಸ್ಕಿನಲ್ಲಿ ಎಣ್ಣೆಯನ್ನು ಕ್ಷಾರದ ನೀರಿನೊಡನೆ ಕುಲುಕಿದರೆ ಯೂಜಿನಾಲ್ ಕರಗುತ್ತದೆ, ಉಳಿದದ್ದು ಕತ್ತಿಗೇರಿ ನಿಲ್ಲುತ್ತದೆ. ಗೆರೆ ನೋಡಿ ಬರೆದುಕೊಳ್ಳಬೇಕು.

ನನ್ನ ರೀಡಿಂಗ್‌ಗಳು ವಾರಕ್ಕೆರಡು ದಿನ ಹದಗೆಡುತ್ತಿದ್ದವು.

"ಸ್ಲಾಪಿ ಟೆಕ್ನಿಕ್," ಎಂದರು ನನ್ನ ರಿಸರ್ಚ್ ಗೈಡ್. "ಹೀಗೇ ಆದ್ರೆ ನಿನ್ನ ಫೆಲೋಶಿಪ್ ಮುಂದುವರಿಸೋದು ಕಷ್ಟ ಕಣಮ್ಮ."

ಸೊಪ್ಪು ತರುತ್ತಿದ್ದವಳು ಮತ್ತಿಕೆರೆಯ ಒಬ್ಬ ವಿಧವೆ. ಒಂದು ಶುಕ್ರವಾರ ಅವಳ ಬುಟ್ಟಿಗೆ ಕೈ ಹಾಕಿದೆ. ಒಳಗೆಲ್ಲ ಬೆಚ್ಚಗಿತ್ತು, ಎಲೆಯ ಅಂಚು ಕಪ್ಪಾಗಿತ್ತು.

"ಇದು ಬೆಳಿಗ್ಗೆ ಕಿತ್ತಿದ್ದಾ?"

"ಸುಕ್ರವಾರ ತುಳಸವ್ವನ್ನ ಕೀಳ್ತಾರಾ ಮಿಸ್ಸಮ್ಮ? ಮಂಗಳ್ವಾರಾನೂ ಮುಟ್ಟಂಗಿಲ್ಲ. ನೆನ್ನೇನೇ ಒತ್ತು ಮುಳುಗೋಕ್ ಮುಂಚೆ ಕಿತ್ತು ಒದ್ದೆ ಬಟ್ಟೇಲಿ ಸುತ್ತಿಟ್ಟಿದ್ದೆ." ನಕ್ಕಳು. "ನಿಮ್ಮವ್ವ ಇದನ್ನ ಏಳ್ಕೊಡ್ಲಿಲ್ವಾ, ಬರೀ ಇಂಗ್ಲೀಸೇನಾ?" ಆಮೇಲೆ ದನಿ ತಗ್ಗಿಸಿ, "ಸಾಹೇಬ್ರಿಗೆ ಏಳ್ಬೇಡಿ ತಾಯಿ. ಮೂರು ಮಕ್ಳು ಇದ್ರಲ್ಲೇ ಉಣ್ತವೆ," ಎಂದಳು.

"ಹೇಳಲ್ಲ" ಎಂದೆ.

ಸೋಮವಾರ ಗೈಡ್ ನನ್ನ ನೋಟ್‌ಬುಕ್ ತೆರೆದು, ಕೆಟ್ಟ ಅಂಕಿಗಳ ಸುತ್ತ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕತೊಡಗಿದರು. ಮೂರನೆಯ ಸುತ್ತು ಬೀಳುವಷ್ಟರಲ್ಲಿ ನಾನು ಹೇಳಿಬಿಟ್ಟೆ. ಟು ಬಿ ಫೇರ್, ಅವರು ಕೆಟ್ಟವರಲ್ಲ. ಪೆನ್ಸಿಲ್ ಕೆಳಗಿಟ್ಟು, "ನಮ್ಮನೇಲೂ ಕೀಳಲ್ಲ. ಆದ್ರೆ ಲ್ಯಾಬಿಗೆ ಶುಕ್ರವಾರ ಅಂತ ಇಲ್ವಲ್ಲ," ಎಂದರು.

ಮಾರನೆಯ ದಿನದಿಂದ ಬೇರೆಯವರು ಸೊಪ್ಪು ತಂದರು. ಅಂಕಿಗಳು ಸರಿಹೋದವು, ಫೆಲೋಶಿಪ್ ಉಳಿಯಿತು. ಮಂಗಳವಾರ, ಶುಕ್ರವಾರ ಡಿಸ್ಟಿಲೇಶನ್ ಇಟ್ಟುಕೊಳ್ಳದಿದ್ದರೆ ಸಾಕಿತ್ತು. ಇಷ್ಟು ಸಣ್ಣ ಮಾತು, ಅವಳ ಕೆಲಸ ಹೋದ ಎಷ್ಟೋ ದಿನಗಳ ಮೇಲೆ ನನಗೆ ಹೊಳೆಯಿತು.

ಅವಳನ್ನು ಕೊನೆಯ ಸಲ ಕಂಡದ್ದು ಯಶವಂತಪುರದಲ್ಲಿ ಹತ್ತಿದ ಬಸ್ಸಿನಲ್ಲಿ. ಸೀರೆಯ ತುಂಬ ಇಟ್ಟಿಗೆ ಗೂಡಿನ ಕೆಂಪು ಧೂಳು. ನನ್ನನ್ನು ನೋಡಿ ಸರಿದು ಜಾಗ ಕೊಟ್ಟಳು.

"ಎಣ್ಣೆ ಚೆನ್ನಾಗ್ ಬರ್ತೈತಾ ಮಿಸ್ಸಮ್ಮ?"

"ಬರ್ತಿದೆ."

"ಸಾಹೇಬ್ರಿಗೆ ಯಾರ್ ಏಳಿದ್ರೋ ಕಾಣೆ. ಓಗ್ಲಿ ಬಿಡಿ."

ನಾನು ಟಿಕೆಟನ್ನು ಮಡಿಸುತ್ತ ಕೂತಿದ್ದೆ. ಮತ್ತಿಕೆರೆ ಬಂತು. ಮುಂದಿನ ಸೀಟು ಹಿಡಿದು ಎದ್ದು, "ಬತ್ತೀನಿ ತಾಯಿ," ಎಂದು ಇಳಿದಳು. ಬಸ್ಸು ಹೊರಟಾಗಲೂ ನಾನು ಕಿಟಕಿಯ ಕಡೆ ತಿರುಗಲಿಲ್ಲ.